ಸೀಸ ಅಲ್ಲೇ ಸಿಗುತ್ತೆ

ಮೈಸೂರಿನಲ್ಲಿ ಕೂತು ಸ್ಕೂಬಾ ಡೈವಿಂಗ್ ಸಾಮಾನು ಆರಿಸುವುದು ಕಷ್ಟ. ಸಮುದ್ರ ದೂರ ಇರುವುದು ಒಂದು ತೊಂದರೆ. ಮನೆಯವರೆಲ್ಲ ಹತ್ತಿರ ಇರುವುದು ಇನ್ನೊಂದು.

ನನಗೆ ಬೇಕಾಗಿದ್ದದ್ದು ಬಿಸಿಡಿ. ತೋಳಿಲ್ಲದ ಅಂಗಿಯ ಹಾಗೆ ಹಾಕಿಕೊಂಡು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವ ಸಾಧನ ಅದು. ಒಳಗೆ ಗಾಳಿಚೀಲ ಇರುತ್ತದೆ. ಎಡ ಭುಜದಿಂದ ಇಳಿದ ಕೊಳವೆಯ ತುದಿಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಸಿಲಿಂಡರಿನ ಗಾಳಿ ಚೀಲಕ್ಕೆ ಬರುತ್ತದೆ, ಇನ್ನೊಂದನ್ನು ಒತ್ತಿದರೆ ಹೊರಗೆ ಹೋಗುತ್ತದೆ. ಮೇಲಿಂದ 10 ಮೀಟರ್ ಇಳಿದರೆ ಸಾಕು, ಒತ್ತಡ ಎರಡರಷ್ಟಾಗಿ ಚೀಲದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೈಗೆ ಅಂಟುವ ರಬ್ಬರಿನಂಥ ಉಡುಪು, ವೆಟ್‌ಸೂಟ್, ಅದೂ ಕುಗ್ಗುತ್ತದೆ. ಆಗ ಸ್ವಲ್ಪ ಗಾಳಿ ತುಂಬಿಕೊಳ್ಳದಿದ್ದರೆ ಇಳೀತಾನೇ ಇರಬೇಕು. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ. ಬಿಡುತ್ತಾ ಬರದಿದ್ದರೆ ನಾವು ಬೇಡವೆಂದರೂ ಜೋರಾಗಿ ಮೇಲೇರುತ್ತೇವೆ. ಅದು ಅಪಾಯ.

ಇದನ್ನೆಲ್ಲ ಅತ್ತೆಗೆ ನಿಧಾನವಾಗಿ ವಿವರಿಸಿದೆ. ಬೀನ್ಸ್ ಮುರಿಯುತ್ತಾ ಪೂರ್ತಿ ಕೇಳಿದರು. "ಮುಳುಗೋದಕ್ಕೂ ದುಡ್ಡು ಕೊಟ್ಟು, ತೇಲೋದಕ್ಕೂ ದುಡ್ಡು ಕೊಡ್ತೀಯೇನೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾಡಿಗೆಗೆ ಸಿಗಲ್ವಾ ಅಂತ ನೀವು ಕೇಳಬಹುದು. ಸಿಗುತ್ತದೆ. ಆದರೆ ಬಾಡಿಗೆಯದು ನನಗೆ ಯಾವಾಗಲೂ ಸಡಿಲ. ಬೆನ್ನ ಮೇಲೆ ಸಿಲಿಂಡರ್ ಅತ್ತಿತ್ತ ವಾಲುತ್ತದೆ. ಮೀನು ನೋಡುವುದು ಬಿಟ್ಟು ಪಟ್ಟಿ ಬಿಗಿ ಮಾಡುವುದೇ ಕೆಲಸವಾಗುತ್ತದೆ. ಮುರುಡೇಶ್ವರದ ಹತ್ತಿರದ ನೇತ್ರಾಣಿಗೆ ಹೋಗುವುದಾದರೆ ಎಂಥ ದಪ್ಪ ಬಿಸಿಡಿಯನ್ನಾದರೂ ಕೊಂಡು ಬಸ್ಸಿನ ಡಿಕ್ಕಿಗೆ ತುರುಕಬಹುದು. ನಮ್ಮದು ಅಂಡಮಾನಿನ ಯೋಜನೆ. ವಿಮಾನದಲ್ಲಿ ಚೆಕ್ ಇನ್ ಚೀಲಕ್ಕೆ ಇದ್ದದ್ದು 15 ಕಿಲೋ. ಅದರಲ್ಲೇ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್, ಕಾಲಿಗೆ ಹಾಕುವ ಈಜುರೆಕ್ಕೆ ಅಂದರೆ ಫಿನ್ಸ್, ವೆಟ್‌ಸೂಟ್, ನಡುವೆ ಜಾಗ ಉಳಿದರೆ ನಾಲ್ಕು ಬಟ್ಟೆ.

ಇವರ ಸ್ನೇಹಿತರೊಬ್ಬರಿದ್ದಾರೆ, ಡೈವಿಂಗ್‌ನಲ್ಲಿ ಹಳಬರು. ಕಾಫಿ ಕುಡಿಯಲು ಬಂದವರು ಊಟದ ಹೊತ್ತಿನವರೆಗೂ ಸ್ಟೀಲ್ ಪ್ಲೇಟಿನ ಗುಣಗಾನ ಮಾಡಿದರು. ಬೆನ್ನಿಗೆ ಉಕ್ಕಿನ ತಟ್ಟೆ, ಅದಕ್ಕೊಂದು ರೆಕ್ಕೆಯಂಥ ಗಾಳಿಚೀಲ. ತಟ್ಟೆಯೇ ಎರಡೂವರೆ ಮೂರು ಕಿಲೋ ತೂಗುವುದರಿಂದ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸ ಅಷ್ಟು ಕಡಿಮೆಯಾಗುತ್ತದಂತೆ. ಅವರು ಹೇಳಿದ್ದು ನಿಜ. ನೀರಿನಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಸೀಸ, ಸಿಲಿಂಡರ್ ಎರಡನ್ನೂ ಡೈವ್ ಸೆಂಟರಿನವರು ಅಲ್ಲೇ ಕೊಡುತ್ತಾರಲ್ಲ! ಅಲ್ಲಿ ಸಿಗುವ ತೂಕವನ್ನು ಇಲ್ಲಿಂದ ವಿಮಾನದಲ್ಲಿ ಹೊರುವುದು ನಂಜನಗೂಡಿಗೆ ರಸಬಾಳೆ ಹೊತ್ತುಕೊಂಡು ಹೋದ ಹಾಗೆ. ಆ ತಟ್ಟೆ ಅಲ್ಯೂಮಿನಿಯಮ್ಮಿನಲ್ಲೂ ಬರುತ್ತದೆ, ಸುಮಾರು ಒಂದು ಕಿಲೋ. ಹಾಗಂದಾಗ ಅವರ ಮುಖ ಹುಳಿಯಾಯಿತು. ಊಟಕ್ಕೂ ಕೂರಲಿಲ್ಲ.

ದಪ್ಪ ಮೆತ್ತೆಯ ಜಾಕೆಟ್ ಮಾದರಿಯ ಬಿಸಿಡಿಯದು ಇನ್ನೊಂದು ತಮಾಷೆ. ಮೆತ್ತೆ ಜಾಸ್ತಿ ಇದ್ದಷ್ಟೂ ಅದೇ ತೇಲುತ್ತದೆ, ಅದನ್ನು ಮುಳುಗಿಸಲು ಇನ್ನಷ್ಟು ಸೀಸ ಬೇಕು. ಮೇಲಾಗಿ ಪೂರ್ತಿ ಗಾಳಿ ತುಂಬಿದರೆ ಕೆಲವು ಜಾಕೆಟ್‌ಗಳು ಪಕ್ಕೆಲುಬು ಹಿಂಡುತ್ತವೆ. ಹಾಗಾಗಿ ಗಟ್ಟಿ ತಟ್ಟೆಯೇ ಇಲ್ಲದ, ಮಡಚಿದರೆ ದಿಂಬಿನಷ್ಟಾಗುವ, ಬೆನ್ನ ಕಡೆ ಮಾತ್ರ ಗಾಳಿ ತುಂಬುವ ಪ್ರಯಾಣದ ಬಿಸಿಡಿ ತರಿಸಿದೆ. ಇದಕ್ಕೂ ಒಂದು ಚಾಳಿ ಇದೆ. ನೀರಿನ ಮೇಲೆ ನಿಂತಾಗ ಮುಖ ಮುಂದಕ್ಕೆ ದೂಡುತ್ತದೆ. ಗಾಳಿ ಕಡಿಮೆ ತುಂಬಿ ಸ್ವಲ್ಪ ಹಿಂದಕ್ಕೆ ಒರಗಿದರೆ ಸರಿಹೋಗುತ್ತದೆ.

ಬಂದ ದಿನವೇ ತೂಗಬೇಕಿತ್ತು. ಮನೆಯಲ್ಲಿರುವ ತೂಕದ ಯಂತ್ರಕ್ಕೆ ಇವರ ಮುಲಾಜು ಜಾಸ್ತಿ, ಏನನ್ನಿಟ್ಟರೂ ಕಡಿಮೆಯೇ ತೋರಿಸುತ್ತದೆ. ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಹೋದೆ. ಎರಡೂವರೆ ಕಿಲೋ ಬಂತು. ಸಂತೋಷದಿಂದ ಮಡಚುತ್ತಿದ್ದರೆ ಅಂಗಡಿಯವರು ಬಟ್ಟೆ ಉಜ್ಜಿ ನೋಡಿ, "ಮೇಡಂ, ಪ್ಲಾಸ್ಟಿಕ್ ರೇಟಿಗೆ ತಗೋತೀನಿ. ಬಕಲ್ ಬಿಚ್ಚಿ ಕೊಟ್ರೆ ಒಂದೈದು ರೂಪಾಯಿ ಜಾಸ್ತಿ" ಅಂದರು.

ಆಮೇಲೆ ಸೋರುತ್ತದೆಯೋ ಇಲ್ಲವೋ ನೋಡಬೇಕು. ಇದಕ್ಕೆ ಸಿಲಿಂಡರೇ ಬೇಕಿಲ್ಲ. ಕೊಳವೆಗೆ ಬಾಯಿಟ್ಟು ಊದಬಹುದು. ಗಟ್ಟಿಯಾಗಿ ಊದಿ ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಯೂ ಗಟ್ಟಿಯಾಗಿರಬೇಕು. ಊದಿ ನಡುಮನೆಯ ಕುರ್ಚಿಗೆ ಹಾಕಿದೆ. ಬೆಳಿಗ್ಗೆ ಚಪ್ಪಟೆ. ಮತ್ತೆ ಊದಿದೆ. ಮತ್ತೆ ಚಪ್ಪಟೆ. ವಾಪಸ್ ಕಳಿಸಲು ಡಬ್ಬ ಹುಡುಕುತ್ತಿದ್ದಾಗ ನಡುಮನೆಯಿಂದ "ಬುಸ್" ಅಂತ ಸದ್ದು ಬಂತು. ಜೊತೆಗೇ ಕೆಲಸದ ಗೌರಮ್ಮನ ಕಿರುಚಾಟ. ಪೊರಕೆ ಬಿಸಾಕಿ ಗೇಟಿನಾಚೆ ಓಡಿ, "ಹಾವು ಹಿಡಿಯೋರ್ನ ಕರೀರಿ" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದರು.

ಹಾವು ಇರಲಿಲ್ಲ. ಅತ್ತೆ ಇದ್ದರು. ಬೇಗ ಗಾಳಿ ಬಿಡಲೆಂದು ಬಿಸಿಡಿಯ ಭುಜದಲ್ಲೂ ಕೆಳತುದಿಯಲ್ಲೂ ಪುಟ್ಟ ದಾರ ನೇತಾಡುತ್ತಿರುತ್ತದೆ, ತುದಿಗೊಂದು ಉಂಡೆ. ಅದನ್ನು ಹಿಡಿದುಕೊಂಡೇ ನಿಂತಿದ್ದರು.

"ನೀವೇನಾ ಅತ್ತೆ ದಿನಾ ಎಳೀತಿದ್ದಿದ್ದು?"

"ದಾರ ಇಟ್ಟಿರೋದು ಎಳೆಯೋಕೇ ಅಲ್ವೇನೇ?"

ಅವತ್ತು ರಾತ್ರಿ ಬಿಸಿಡಿಯನ್ನು ನಮ್ಮ ರೂಮಿನಲ್ಲಿಟ್ಟು ಚಿಲಕ ಹಾಕಿದೆ. ಬೆಳಿಗ್ಗೆ ಕಲ್ಲಿನಂತೆ ಗಟ್ಟಿ. ಗೌರಮ್ಮ ಮಾತ್ರ ಒಂದು ವಾರ ನಡುಮನೆ ಗುಡಿಸಲಿಲ್ಲ.

ಹೊರಡುವ ಹಿಂದಿನ ರಾತ್ರಿ ಚೀಲ 13 ಕಿಲೋ ಇತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 18 ಆಗಿತ್ತು. ನಾನು ಗ್ರಾಂ ಗ್ರಾಂ ಲೆಕ್ಕ ಹಾಕಿ ಉಳಿಸಿದ್ದ ಜಾಗವನ್ನು ಅತ್ತೆ ಮೊದಲೇ ನೋಡಿಟ್ಟುಕೊಂಡಿದ್ದರು. ವೆಟ್‌ಸೂಟಿನ ಮಡಿಕೆಯೊಳಗೆ ಚಕ್ಕುಲಿ, ಎರಡು ಫಿನ್ಸಿನ ಒಳಗೂ ಪುಳಿಯೋಗರೆ ಗೊಜ್ಜಿನ ಡಬ್ಬಿ, ತಳದಲ್ಲಿ ಮೈಸೂರು ಪಾಕ್. ಇವರು ಪರ್ಸ್ ತೆಗೆದರು. ನಾನು ಬಿಡಲಿಲ್ಲ. ಬಿಸಿಡಿ ಹೊರಗೆ ತೆಗೆದು ಚೂಡಿದಾರದ ಮೇಲೇ ತೊಟ್ಟುಕೊಂಡೆ. ಚಕ್ಕುಲಿ ಇವರ ಹೆಗಲಿಗೆ ಹೋಯಿತು. ಚೀಲ 15ಕ್ಕೆ ಇಳಿಯಿತು.

ಭದ್ರತಾ ತಪಾಸಣೆಯಲ್ಲಿ ಬಿಚ್ಚಿಸಿದರು. ಅಲ್ಲಿದ್ದವರು ತಿರುಗಿಸಿ ತಿರುಗಿಸಿ ನೋಡಿ, ಮೊದಲು ಎಳೆದದ್ದು ಆ ದಾರವನ್ನೇ.

ಮತ್ತೆ ತೊಟ್ಟುಕೊಂಡೇ ವಿಮಾನ ಹತ್ತಿ ಕೂತೆ. ಗಗನಸಖಿ ಲೈಫ್ ಜಾಕೆಟ್ ಹಾಕುವುದು ಹೇಗೆ, ಊದುವುದು ಹೇಗೆ ಅಂತ ತೋರಿಸುತ್ತಿದ್ದರು. ಪಕ್ಕದ ಸೀಟಿನ ಹಿರಿಯರು ಆಕೆಯನ್ನೊಮ್ಮೆ, ನನ್ನ ಬಕಲುಗಳನ್ನೊಮ್ಮೆ ನೋಡಿದರು. ಕೊನೆಗೆ ತಡೆಯಲಾರದೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಯಾಕಮ್ಮ, ಇವರು ಕೊಡೋದ್ರ ಮೇಲೆ ನಂಬಿಕೆ ಇಲ್ವಾ?"