ಬೆಕ್ಕು ಹುಲಿಗೆ ಕಲಿಸದೇ ಬಿಟ್ಟ ಪಾಠ

ಹುಲಿಗೆ ಎಲ್ಲ ವಿದ್ಯೆ ಕಲಿಸಿದ ಬೆಕ್ಕು ಮರ ಹತ್ತುವುದನ್ನು ಮಾತ್ರ ಕಲಿಸಲಿಲ್ಲವಂತೆ. ಕಲಿಸಿದ್ದರೆ ಹುಲಿ ಮರ ಹತ್ತಿ ಬೆಕ್ಕನ್ನೇ ತಿಂದುಬಿಡುತ್ತಿತ್ತಂತೆ. ಕರಾಟೆ ಕಲಿಸುವ ನಮ್ಮಂಥವರಿಗೆ ಈ ಕಥೆ ಅಂದ್ರೆ ಬಲು ಪ್ರೀತಿ. ನಾನು ಕ್ಲಾಸ್ ಶುರು ಮಾಡಿದಾಗ ಹಿರಿಯರೊಬ್ಬರು ಕಿವಿಯಲ್ಲಿ ಹೇಳಿದ್ದೂ ಇದನ್ನೇ. "ಎಲ್ಲಾ ಹೇಳಿಕೊಡಬೇಡ ಮಾರಾಯಾ, ಒಂದು ಪಟ್ಟು ಕೈಯಲ್ಲಿ ಇಟ್ಕೋ." (ಅಂದಹಾಗೆ ಹುಲಿಗೆ ಮರ ಹತ್ತೋಕೆ ಬರುತ್ತದೆ. ಮೈಭಾರಕ್ಕೆ ಜಾಸ್ತಿ ಹತ್ತುವುದಿಲ್ಲ, ಅಷ್ಟೆ.) ನನ್ನ ಕ್ಲಾಸಿಗೆ ಬರುವವರಲ್ಲಿ ಹುಲಿ ಯಾವುದೂ ಇಲ್ಲ. ಟ್ಯೂಷನ್ ಮುಗಿಸಿ ಆಕಳಿಸುತ್ತಾ ಬರುವ ಏಳನೇ ಕ್ಲಾಸಿನ ಮಕ್ಕಳು.

ನಾನು ಕಲಿಯುವಾಗ ಹಿಕಿತೆ ಅಂತ ಒಂದಿತ್ತು. ಒಂದು ಕೈ ಪಂಚ್ ಮಾಡುವಾಗ ಇನ್ನೊಂದು ಕೈ ಮುಷ್ಟಿ ಕಟ್ಟಿ ಸೊಂಟಕ್ಕೆ ವಾಪಸ್ ಬರಬೇಕು. ಯಾಕೆ ಅಂತ ಕೇಳಿದರೆ, "ಬ್ಲ್ಯಾಕ್ ಬೆಲ್ಟ್ ಆಗಲಿ, ಆಮೇಲೆ ಗೊತ್ತಾಗುತ್ತೆ." ಬ್ಲ್ಯಾಕ್ ಬೆಲ್ಟ್ ಆಯ್ತು, ಗೊತ್ತಾಗಲಿಲ್ಲ. ಆರು ವರ್ಷ ಸುಮ್ನೆ ಕೈ ಎಳೆದುಕೊಂಡೆ. ಕೊನೆಗೆ ಒಂದು ಕ್ಯಾಂಪಿನಲ್ಲಿ ಹೊರಗಿನಿಂದ ಬಂದ ಟೀಚರ್ ಒಬ್ಬರು ನನ್ನ ಮಣಿಕಟ್ಟು ಹಿಡಿದು ತಮ್ಮ ಸೊಂಟದ ಕಡೆಗೆ ಎಳೆದರು. ನಾನು ಮುಗ್ಗರಿಸಿ ಮುಂದೆ ಬಿದ್ದೆ. ತಲೆ ಎತ್ತಿದರೆ ಅವರ ಇನ್ನೊಂದು ಮುಷ್ಟಿ ಮೂಗಿನ ತುದಿಯಲ್ಲಿ ನಿಂತಿತ್ತು. ಆ ಕೈ ಖಾಲಿ ಬರುವುದಲ್ಲ, ಎದುರಿನವನನ್ನು ಹಿಡಿದುಕೊಂಡು ಬರುವುದು! ಎರಡು ನಿಮಿಷದ ವಿಷಯಕ್ಕೆ ನನ್ನ ಆರು ವರ್ಷ ಹೋಗಿತ್ತು.

ಅದಕ್ಕೇ ಈಗ ಮೊದಲ ದಿನವೇ ಹೇಳಿಬಿಡುತ್ತೇನೆ. ಭಾನುವಾರ ಬೆಳಿಗ್ಗೆ ಕಾರವಾರದ ಟಾಗೋರ್ ಬೀಚಿನಲ್ಲಿ ಅಭ್ಯಾಸ. ಬೇರೆ ಕ್ಲಾಸಿನ ಮಕ್ಕಳು ಬಂದು ನಿಂತರೂ ಅವರಿಗೂ ಹೇಳುತ್ತೇನೆ. ಹೀಗೇ ಒಂದು ದಿನ ಹಿಕಿತೆ ತೋರಿಸುತ್ತಿದ್ದಾಗ ಮಾಜಾಳಿ ಕಡೆಯ ಹುಡುಗನೊಬ್ಬ, "ಸರ್, ಇದು ರಂಪಣಿ ಎಳೆದ ಹಾಗೇ ಅಲ್ವಾ?" ಅಂದ. ಮನೆಯವರ ಜೊತೆ ದಡದಲ್ಲಿ ನಿಂತು ಬಲೆಯ ಹಗ್ಗ ಎಳೆದು ಗೊತ್ತಿದ್ದ ಹುಡುಗ. ಹೌದೋ ಅಂದೆ. "ಆದ್ರೆ ನೀವು ಕೈಯಲ್ಲಿ ಎಳೀತೀರಿ ಸರ್. ಹಾಗೆ ಎಳೆದರೆ ಬಲೆ ಬರೋದಿಲ್ಲ."

ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಅವನು ನನ್ನ ಕೈ ಹಿಡಿದ. ಹಿಮ್ಮಡಿ ಮರಳಿನಲ್ಲಿ ಹೂತ, ಸೊಂಟ ಸ್ವಲ್ಪ ಇಳಿಸಿ ಹಿಂದಕ್ಕೆ ವಾಲಿದ. ತೋಳು ಹೆಚ್ಚುಕಡಿಮೆ ಅಲ್ಲಾಡಲೇ ಇಲ್ಲ. ಎಪ್ಪತ್ತೆಂಟು ಕೇಜಿಯ ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದೆ.

ಹಿಕಿತೆ ಯಾಕೆ ಅನ್ನುವುದನ್ನು ನಾನು ಗುಟ್ಟು ಮಾಡಿಕೊಂಡಿದ್ದರೆ ಆ ಹುಡುಗ ಬಾಯಿ ಬಿಡುತ್ತಲೇ ಇರಲಿಲ್ಲ. ಗೊತ್ತಿರುವುದನ್ನು ಬಚ್ಚಿಟ್ಟ ಟೀಚರಿಗೆ ಗೊತ್ತಿಲ್ಲದ್ದನ್ನು ಯಾರು ಹೇಳಿಕೊಡುತ್ತಾರೆ?

ಮೊನ್ನೆ ಇನ್ನೊಂದು ಕ್ಲಾಸಿನ ಟೀಚರ್ ಫೋನ್ ಮಾಡಿ ಸಿಟ್ಟು ಮಾಡಿದರು. "ಹೀಗೆ ಪುಕ್ಕಟೆ ಹಂಚಿದರೆ ನಮ್ಮ ಹೊಟ್ಟೆಪಾಡು ಏನು?" ಹೊಟ್ಟೆಪಾಡಿನ ಮಾತು ಸುಳ್ಳಲ್ಲ. ಮಳೆಗಾಲದಲ್ಲಿ ಬೀಚ್ ಇಲ್ಲ, ಹಾಲ್ ಬಾಡಿಗೆ ಕಟ್ಟಬೇಕು. ನಾನೂ ಫೀಸ್ ತೆಗೆದುಕೊಳ್ಳುತ್ತೇನೆ. ಮಗು ಐನೂರು ಸಲ ಪಂಚ್ ಮಾಡುವಾಗ ಪಕ್ಕದಲ್ಲಿ ನಿಂತು ಐನೂರು ಸಲ ಮೊಣಕೈ ತಿದ್ದುವುದಕ್ಕೆ ಆ ಫೀಸ್. ಗುಟ್ಟು ತಿಳಿದವನಿಗೂ ಆ ಐನೂರು ತಪ್ಪುವುದಿಲ್ಲವಲ್ಲ.

ಕರಾಟೆಯ ತವರಾದ ಜಪಾನಿನ ಒಕಿನಾವಾದಲ್ಲಿ ಒಂದು ಕಾಲಕ್ಕೆ ಅದನ್ನು ಕದ್ದುಮುಚ್ಚಿಯೇ ಕಲಿಯುತ್ತಿದ್ದರು. ಅಂಕೊ ಇತೊಸು ಅನ್ನುವ ಗುರು 1901ರಲ್ಲಿ ಅದನ್ನು ಶಾಲೆಗೆ ತಂದರು, ಮಕ್ಕಳಿಗೆ ಸುಲಭವಾಗಲಿ ಅಂತ ಪಿನಾನ್ ಅನ್ನುವ ಐದು ಕಾತಾ (ಒಂದರ ಹಿಂದೊಂದು ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ) ಕಟ್ಟಿಕೊಟ್ಟರು. ಅವರ ಶಿಷ್ಯ ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೊಗೆ ಹೋಗಿ ಎಲ್ಲರೆದುರು ಮಾಡಿ ತೋರಿಸಿದರು. ಪಿನಾನ್‌ಗೆ ಹೇಯಾನ್ ಅಂತ ಹೆಸರಿಟ್ಟವರೂ ಅವರೇ. ಫೋನ್ ಮಾಡಿದವರು ಬೆಲ್ಟ್ ಪರೀಕ್ಷೆಯಲ್ಲಿ ಮಕ್ಕಳಿಂದ ಮಾಡಿಸುವುದು ಅದೇ ಐದರಲ್ಲಿ ಮೊದಲನೆಯದು, ಹೇಯಾನ್ ಶೋದಾನ್. ಇದನ್ನು ಫೋನಿನಲ್ಲಿ ಹೇಳಬೇಕಿತ್ತು. ಇಟ್ಟ ಮೇಲೆ ನೆನಪಾಯ್ತು.

ಹಾಗಂತ ಎಲ್ಲರಿಗೂ ಎಲ್ಲ ಅಂತಲೂ ಅಲ್ಲ. ಕುತ್ತಿಗೆ ಹಿಸುಕುವ ಪಟ್ಟನ್ನು ಹತ್ತು ವರ್ಷದವರಿಗೆ ಹೇಳಿಕೊಡುವುದಿಲ್ಲ. ಯಾಕೆ ಅಂತ ಅವರಿಗೇ ಬಿಡಿಸಿ ಹೇಳುತ್ತೇನೆ.

ಈಗ ನಮ್ಮಲ್ಲಿ ಹಿಕಿತೆ ಪಾಠಕ್ಕೆ ಒಂದು ಹಳೆಯ ಲುಂಗಿ ಇದೆ. ಹಗ್ಗದ ಹಾಗೆ ಹೊಸೆದು ಒಂದು ತುದಿ ಹೊಸಬರ ಕೈಗೆ, ಇನ್ನೊಂದು ತುದಿ ಮಾಜಾಳಿಯ ಹುಡುಗನ ಕೈಗೆ. ಅವನು "ಕೈಯಲ್ಲಲ್ಲ, ಹಿಮ್ಮಡಿಯಲ್ಲಿ" ಅಂತ ಕೂಗುತ್ತಿರುತ್ತಾನೆ. ನನಗೂ ಸೇರಿಸಿ.