ಬಜೆಟ್ ಡೆಕ್‌ನ ಅಪ್‌ಗ್ರೇಡ್ ಮಾಡ್ತಾ ಹೋಗ್ಬೇಕಾ, ಕಟ್ಟಿದ ಹಾಗೇ ಬಿಡ್ಬೇಕಾ?

ಮ್ಯಾಜಿಕ್ ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದಲ್ಲಿ ಕಮಾಂಡರ್ ಅನ್ನೋ ಬಗೆ ಆಡೋರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗೇ ಆಗುತ್ತೆ. ಕಮ್ಮಿ ಖರ್ಚಲ್ಲಿ 100 ಕಾರ್ಡಿನ ಡೆಕ್ ಒಂದು ರೆಡಿ ಆಯ್ತು, ನಾಲ್ಕು ಜನ ಕೂತು ಒಂದಷ್ಟು ಗೇಮೂ ಆಡಿದ್ದಾಯ್ತು. ಇನ್ನು ಅದಕ್ಕೆ ದುಡ್ಡು ಹಾಕ್ತಾ ಹೋಗೋದಾ, ಇಲ್ಲ ಇದ್ದ ಹಾಗೇ ಆಡೋದಾ? ಇಲ್ಲಿ ಇಬ್ಬರು ಒಂದೊಂದು ಕಡೆ ವಾದ ಮಾಡ್ತಾರೆ.

ಪರ: ಮಾಡ್ಲೇಬೇಕು, ಇಲ್ಲಾಂದ್ರೆ ಡೆಕ್ ಬಾಯೇ ಬಿಡಲ್ಲ

ನನ್ನ ಮೊದಲ್ನೇ ಡೆಕ್ ಮೂರು ಬಣ್ಣದ ಪ್ರಿಕಾನ್, ಅಂದ್ರೆ ಡಬ್ಬಿ ಒಡೆದು ಹಾಗೇ ಆಡಬಹುದಾದ ರೆಡಿ ಡೆಕ್. 2011ರಿಂದ ಇವು ಬರ್ತಾ ಇವೆ, ಹೊಸಬ್ರಿಗೆ ಇದಕ್ಕಿಂತ ಒಳ್ಳೇ ಬಾಗಿಲು ಇಲ್ಲ ಅಂತ ಈಗ್ಲೂ ಹೇಳ್ತೀನಿ. ಆದ್ರೆ ಬಾಗಿಲಲ್ಲೇ ನಿಂತುಬಿಡಬಾರದು.

ಆ ಡೆಕ್ ಹೇಗೆ ಆಡ್ತಿತ್ತು ಅಂದ್ರೆ, ಮೂರನೇ ಟರ್ನ್, ಕೈಯಲ್ಲಿ ಮೂರು ಮನಾದ (ಮನಾ ಅಂದ್ರೆ ಕಾರ್ಡ್ ಇಳಿಸೋಕೆ ಕೊಡೋ ಶಕ್ತಿ) ಒಳ್ಳೇ ಕಾರ್ಡ್ ಇದೆ, ಮನಾ ಕೊಡೋ ಮೂರನೇ ಲ್ಯಾಂಡೂ ಸಿಕ್ತು, ಆದ್ರೆ ಆ ಲ್ಯಾಂಡ್ ಟ್ಯಾಪ್ ಆಗಿಯೇ, ಅಂದ್ರೆ ಆಗ್ಲೇ ಬಳಸಿದ ಹಾಗೆ ಅಡ್ಡ ತಿರುಗಿಯೇ, ಕೆಳಗೆ ಬರೋದು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ನಾಲ್ಕನೇ ಟರ್ನಲ್ಲೂ ಅದೇ ಕಥೆ. ಅಷ್ಟರಲ್ಲಿ ಉಳಿದ ಮೂರು ಜನ ತಮ್ಮ ಕಮಾಂಡರ್‌ನ, ಅಂದ್ರೆ ಡೆಕ್‌ನ ನಾಯಕ ಕಾರ್ಡನ್ನ, ಇಳಿಸಿ ಆಟ ಶುರು ಮಾಡ್ಕೊಂಡಿರ್ತಾರೆ, ನಾನು ಮಾತ್ರ ಕಾರ್ಡ್ ಎಳೆದು ಲ್ಯಾಂಡ್ ಇಟ್ಟು ಪಾಸ್ ಅಂತೀನಿ. ಎರಡು ಗಂಟೆ ಗೇಮಲ್ಲಿ ಒಂದೂವರೆ ಗಂಟೆ ಬೇರೆಯವರ ಆಟ ನೋಡ್ತಾ ಕೂತಿರೋದು ಯಾರಿಗೂ ಇಷ್ಟ ಆಗಲ್ಲ, ನನಗಂತೂ ಹೊಟ್ಟೆ ಉರೀತಿತ್ತು.

ಒಂದಿನ ಡೆಕ್ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ ಎಣಿಸಿದೆ. ಟ್ಯಾಪ್ ಆಗಿ ಬರೋ ಲ್ಯಾಂಡೇ 14, ಕಾರ್ಡ್ ಡ್ರಾ ಮಾಡಿಸೋವು ಬರೀ 5, ಆರು ಮನಾ ಮೇಲ್ಪಟ್ಟವು ರಾಶಿ ರಾಶಿ. ಲ್ಯಾಂಡ್ 37ರ ಆಸುಪಾಸು, ಮನಾ ಬೇಗ ಏರಿಸೋ ರ್ಯಾಂಪ್ ಒಂದು ಹತ್ತು, ಡ್ರಾ ಒಂದು ಹತ್ತು ಅಂತ ಆಡೋರು ಸಾಮಾನ್ಯವಾಗಿ ಹೇಳೋ ಲೆಕ್ಕ ಸುಮ್ನೆ ಬಂದಿದ್ದಲ್ಲ ಅಂತ ಅವತ್ತು ಅರ್ಥ ಆಯ್ತು. ಟ್ಯಾಪ್ ಲ್ಯಾಂಡ್ ಅರ್ಧ ತೆಗೆದು ಮಾಮೂಲಿ ಬೇಸಿಕ್ ಲ್ಯಾಂಡ್ ಹಾಕ್ದೆ, ಆರು ಮನಾದ ಐದು ಕಾರ್ಡ್ ತೆಗೆದು ಎರಡು ಮನಾದ ರ್ಯಾಂಪ್ ಹಾಕ್ದೆ. ಖರ್ಚು ಅಂತ ಹೇಳೋಕೂ ನಾಚಿಕೆ ಆಗುವಷ್ಟು ಕಮ್ಮಿ, ಆದ್ರೆ ಮುಂದಿನ ಗೇಮಲ್ಲಿ ಡೆಕ್ ಬೇರೇನೇ ಆಗಿತ್ತು.

ಅಪ್‌ಗ್ರೇಡ್ ಅಂದ ತಕ್ಷಣ ದುಬಾರಿ ಕಾರ್ಡ್ ಅಂತ ಜನ ಯಾಕೆ ಅಂದ್ಕೊಳ್ತಾರೋ ಗೊತ್ತಿಲ್ಲ. ಸ್ಕಲ್‌ಕ್ಲ್ಯಾಂಪ್ ಅನ್ನೋ ಕಾರ್ಡ್ ನೋಡಿ. 2004ರಲ್ಲಿ ಸ್ಟ್ಯಾಂಡರ್ಡ್ ಅನ್ನೋ ಇನ್ನೊಂದು ಬಗೆಯ ಆಟದಿಂದ ಬ್ಯಾನ್ ಆದ ಕಾರ್ಡ್ ಅದು, ಅಷ್ಟು ಜೋರು, ಆದ್ರೆ ಕಮಾಂಡರಲ್ಲಿ ಆಡಬಹುದು, ಮತ್ತೆ ಮತ್ತೆ ಪ್ರಿಂಟ್ ಆಗಿ ಸುಲಭಕ್ಕೆ ಸಿಗುತ್ತೆ. ಅದನ್ನ 1/1 ಟೋಕನ್‌ಗೆ, ಅಂದ್ರೆ ಬಲ ಒಂದು, ತಾಳಿಕೆ ಒಂದು ಇರೋ ಪುಟ್ಟ ಕ್ರೀಚರ್ (ಜೀವಿ) ಗುರುತಿಗೆ, ಕಟ್ಟಿದ ಕೂಡ್ಲೇ ಟೋಕನ್ ಸಾಯುತ್ತೆ, ನಮಗೆ ಎರಡು ಕಾರ್ಡ್ ಸಿಗುತ್ತೆ, ಖರ್ಚು ಒಂದೇ ಮನಾ. ಟೋಕನ್ ಮಾಡೋ ಡೆಕ್ ಕಟ್ಟಿಟ್ಕೊಂಡು, ಕೈ ಖಾಲಿ ಆಗುತ್ತೆ ಏನ್ ಮಾಡ್ಲಿ ಅಂತ ಕೊರಗೋರಿಗೆ ಈ ಒಂದು ಕಾರ್ಡ್ ಸಾಕು. ಆರ್ಕೇನ್ ಸಿಗ್ನೆಟ್ ಅನ್ನೋ ರ್ಯಾಂಪ್ ಕಾರ್ಡಿನ ಕಥೇನೂ ಅಷ್ಟೇ, 2019ರಲ್ಲಿ ಹೊಸದಾಗಿ ಬಂದಾಗ ಕೈಗೆಟುಕ್ತಿರ್ಲಿಲ್ಲ, ಆಮೇಲೆ ಪ್ರಿಕಾನ್‌ಗಳಲ್ಲಿ ಸಾಲಾಗಿ ಹಾಕಿ ಹಾಕಿ ಎಲ್ಲರ ಡೆಕ್ಕಿಗೂ ಬಂತು. ತಾಳ್ಮೆ ಇದ್ರೆ ಅಪ್‌ಗ್ರೇಡ್ ತಾನಾಗೇ ಅಗ್ಗ ಆಗುತ್ತೆ.

ಇನ್ನೊಂದು, ಇದು ಇಬ್ಬರ ಆಟ ಅಲ್ಲ. ಎದುರಿಗೆ ಮೂರು ಜನ, ಒಬ್ಬೊಬ್ಬರಿಗೆ 40 ಲೈಫ್, ಒಟ್ಟು 120. ನಾನು ಒಂದು ಕಾರ್ಡ್ ಖರ್ಚು ಮಾಡಿ ಒಬ್ಬನ ಒಂದು ಕ್ರೀಚರ್ ತೆಗೆದ್ರೆ ನಮ್ಮಿಬ್ಬರಿಗೂ ಒಂದೊಂದು ಹೋಯ್ತು, ಉಳಿದ ಇಬ್ಬರು ಏನೂ ಕಳ್ಕೊಳ್ಳದೇ ಮುಂದೆ ಹೋದ್ರು. ಹಾಗಾಗಿ "ಪ್ರತಿಯೊಬ್ಬ ಎದುರಾಳಿಗೂ" ಅಂತ ಬರೆದಿರೋ ಕಾರ್ಡ್ ಮೂರು ಪಟ್ಟು ಕೆಲ್ಸ ಮಾಡುತ್ತೆ, ಇಂಥವು ಅಗ್ಗದಲ್ಲೇ ಬೇಕಾದಷ್ಟಿವೆ. ಬ್ಲಾಸ್ಫಮಸ್ ಆಕ್ಟ್ ಅಂತ ಒಂದು ಕಾರ್ಡ್, ಬೆಲೆ ಒಂಬತ್ತು ಮನಾ, ಆದ್ರೆ ಟೇಬಲ್ ಮೇಲೆ ಎಷ್ಟು ಕ್ರೀಚರ್ ಇವೆಯೋ ಅಷ್ಟು ಕಮ್ಮಿ ಆಗ್ತಾ ಹೋಗುತ್ತೆ. ನಾಲ್ಕು ಜನ ಆಡೋವಾಗ ಎಂಟು ಕ್ರೀಚರ್ ಇದ್ದೇ ಇರುತ್ತೆ, ಒಂದೇ ಕೆಂಪು ಮನಾಗೆ ಪ್ರತಿ ಕ್ರೀಚರ್‌ಗೂ 13 ಡ್ಯಾಮೇಜ್. ಇಂಥ ಕಾರ್ಡ್ ಹುಡುಕಿ ಹಾಕೋದೇ ಅಪ್‌ಗ್ರೇಡ್. ಪ್ರತಿ ಗೇಮ್ ಆದ್ಮೇಲೆ ಕೈಯಲ್ಲಿ ಆಡೋಕಾಗ್ದೆ ಉಳಿದ ಕಾರ್ಡ್ ಯಾವ್ದು ಅಂತ ಬರ್ಕೊಳ್ಳಿ, ಮೂರು ಸಲ ಒಂದೇ ಹೆಸ್ರು ಬಂದ್ರೆ ಅದನ್ನ ತೆಗೀರಿ. ನಾನು ಹಾಗೇ ಮಾಡ್ತೀನಿ, ನನ್ನ ಡೆಕ್ ನನಗೆ ಅರ್ಥ ಆಗಿದ್ದೇ ಹಾಗೆ.

ವಿರೋಧ: ಕಟ್ಟಿದ ಹಾಗೇ ಬಿಡಿ

ಲ್ಯಾಂಡ್ ಸರಿ ಮಾಡೋದು, ರ್ಯಾಂಪ್ ಹಾಕೋದು, ಇದನ್ನ ನಾನು ಅಪ್‌ಗ್ರೇಡ್ ಅನ್ನಲ್ಲ, ಅದು ಡೆಕ್‌ನ ಕಟ್ಟಿ ಮುಗಿಸೋದು. ಅದು ಮುಗಿದ್ಮೇಲೂ ಕೈ ಸುಮ್ನಿರದೆ ತಿಂಗಳಿಗೊಂದು ಹೊಸ ಕಾರ್ಡ್ ತಂದು ಸೇರಿಸ್ತಾ ಹೋಗ್ತಾರಲ್ಲ, ನನ್ನ ತಕರಾರು ಅದರ ಮೇಲೆ.

ಮೊದಲು ಸಣ್ಣ ಲೆಕ್ಕ. ಕಮಾಂಡರ್ ಬಿಟ್ಟು ಡೆಕ್ಕಲ್ಲಿ 99 ಕಾರ್ಡ್, ಬೇಸಿಕ್ ಲ್ಯಾಂಡ್ ಬಿಟ್ರೆ ಎಲ್ಲವೂ ಒಂದೊಂದೇ. ಶುರುವಲ್ಲಿ ಕೈಗೆ 7, ಹತ್ತು ಟರ್ನ್ ಆಡಿದ್ರೆ ಇನ್ನೊಂದು 10, ಒಟ್ಟು 17. ಅಂದ್ರೆ ಆಸೆಪಟ್ಟು ತಂದ ಆ ಒಂದು ದುಬಾರಿ ಕಾರ್ಡ್ ಹೆಚ್ಚುಕಮ್ಮಿ ಆರು ಗೇಮಿಗೆ ಒಂದ್ಸಲ ಮುಖ ತೋರಿಸುತ್ತೆ, ಅದೂ ಹತ್ತನೇ ಟರ್ನಲ್ಲಿ ಬಂದ್ರೆ ಬಂದೂ ಪ್ರಯೋಜನ ಇಲ್ಲ. ಹೆಚ್ಚು ಡ್ರಾ ಮಾಡೋ ಡೆಕ್ಕಾದ್ರೆ ಸ್ವಲ್ಪ ಪರವಾಗಿಲ್ಲ, ಆದ್ರೂ ಹೊಳೇಲಿ ಹುಣಸೆಹಣ್ಣು ಕಲಸಿದ ಹಾಗೇನೇ. ರುಚಿ ಬರ್ಬೇಕು ಅಂದ್ರೆ ಇಂಥವು ಹದಿನೈದಿಪ್ಪತ್ತು ಹಾಕ್ಬೇಕು, ಅಷ್ಟು ಹಾಕಿದ್ಮೇಲೆ ಅದು ಬಜೆಟ್ ಡೆಕ್ಕಾಗಿ ಎಲ್ಲಿ ಉಳೀತು?

ಕಮಾಂಡರ್ ಮಾತ್ರ ಬೇರೆ. ಅದು ಯಾವಾಗ್ಲೂ ಕಣ್ಣೆದುರಿಗೇ ಇರುತ್ತೆ, ಪ್ರತಿ ಗೇಮಲ್ಲೂ ಸಿಗುತ್ತೆ, ಸತ್ತರೂ ಎರಡು ಮನಾ ಜಾಸ್ತಿ ಕೊಟ್ಟು ಮತ್ತೆ ಇಳಿಸಬಹುದು. ಹಾಗಾಗಿ ಬಜೆಟ್ ಡೆಕ್ ಕಟ್ಟೋ ಗುಟ್ಟೆಲ್ಲ ಕಮಾಂಡರ್ ಆರಿಸೋದ್ರಲ್ಲೇ ಇದೆ. ನನ್ನದು ಕ್ರೆಂಕೋ ಮಾಬ್ ಬಾಸ್, ನಾಲ್ಕು ಮನಾದ, ಗಾಬ್ಲಿನ್ ಜಾತಿಯ ಕ್ರೀಚರ್. ಟ್ಯಾಪ್ ಮಾಡಿದ್ರೆ ನನ್ನ ಹತ್ರ ಎಷ್ಟು ಗಾಬ್ಲಿನ್ ಇದೆಯೋ ಅಷ್ಟೇ ಹೊಸ ಗಾಬ್ಲಿನ್ ಹುಟ್ಟುತ್ತೆ. ಬೇರೆ ಗಾಬ್ಲಿನ್ ಒಂದೂ ಇಲ್ದಿದ್ರೂ ಕ್ರೆಂಕೋನೇ ಒಂದು, ಹಾಗಾಗಿ ಮೊದಲ್ನೇ ಸಲ 1, ಆಮೇಲೆ 2, 4, 8, 16, 32. ಪಕ್ಕದಲ್ಲಿ ಇಂಪ್ಯಾಕ್ಟ್ ಟ್ರೆಮರ್ಸ್ ಅನ್ನೋ ಕಾರ್ಡ್ ಇದ್ರೆ ಹುಟ್ಟೋ ಪ್ರತಿ ಗಾಬ್ಲಿನ್‌ಗೂ ಮೂರೂ ಜನಕ್ಕೆ ಒಂದೊಂದು ಡ್ಯಾಮೇಜ್. ಐದನೇ ಟ್ಯಾಪಿಗೆ ಒಟ್ಟು 31 ಆಗಿರುತ್ತೆ, ಆರನೇದಕ್ಕೆ 63, ಅಲ್ಲಿಗೆ 40 ಲೈಫಿನ ಮೂವರೂ ಒಟ್ಟಿಗೆ ಔಟ್. ಒಂದೇ ಬಣ್ಣ, ಲ್ಯಾಂಡೆಲ್ಲ ಹೆಚ್ಚುಕಮ್ಮಿ ಮೌಂಟನ್, ಅಂದ್ರೆ ಕೆಂಪು ಮನಾ ಕೊಡೋ ಬೇಸಿಕ್ ಲ್ಯಾಂಡ್. ಇದರಲ್ಲಿ ದುಬಾರಿ ಅನ್ನೋದು ಯಾವ್ದೂ ಇಲ್ಲ. ಆ ನಾಲ್ಕನೇ ಟ್ಯಾಪ್ ಹೊತ್ತಿಗೆ ಟೇಬಲ್ ಮೇಲೆ ಟೋಕನ್ ಇಡೋಕೆ ಜಾಗ ಸಾಲದೆ ಡೈಸ್ ತಿರುಗಿಸಿ 15 ಅಂತ ತೋರಿಸ್ತೀನಿ, ಎದುರಿಗಿರೋರು ಮೂರು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಬೋರ್ಡ್ ಕ್ಲಿಯರ್ ಮಾಡೋದು ಯಾರತ್ರ ಇದೆ ಅಂತ ಕಣ್ಣಲ್ಲೇ ಮಾತಾಡ್ಕೊಳ್ತಾರೆ, ಆ ಕ್ಷಣಕ್ಕೋಸ್ಕರ ನಾನು ಈ ಆಟ ಆಡ್ತೀನಿ.

ದುಬಾರಿ ಕಾರ್ಡ್ ಇಳಿಸಿದ್ರೆ ಏನಾಗುತ್ತೆ ಗೊತ್ತಾ, ಮೂರು ಜನರ ಕಣ್ಣೂ ನಮ್ಮ ಮೇಲೇ. ರಿಸ್ಟಿಕ್ ಸ್ಟಡಿ ಅನ್ನೋ ಕಾರ್ಡ್ ಟೇಬಲ್ ಮೇಲೆ ಬಂದ ಹೊತ್ತಿಂದ ಪ್ರತಿಯೊಬ್ಬರೂ ಏನೇ ಆಡಿದ್ರೂ ಒಂದು ಮನಾ ಕೊಡ್ತೀಯಾ ಇಲ್ಲ ನಾನು ಕಾರ್ಡ್ ಎಳೀಲಾ ಅಂತ ಕೇಳ್ತಾನೇ ಇರ್ಬೇಕು, ಅದನ್ನ ಕೇಳಿ ಕೇಳಿ ಸಾಕಾಗಿ ಎಲ್ಲರೂ ಸೇರಿ ಮೊದಲು ಇವನನ್ನೇ ಮುಗಿಸೋಣ ಅಂತ ತೀರ್ಮಾನ ಮಾಡ್ತಾರೆ. ಡೆಕ್ ಎಷ್ಟು ಗಟ್ಟಿ ಅಂತ ನೋಡಿ ವಿಂಗಡಿಸೋಕೆ 2025ರಲ್ಲಿ ಬಂದ ಐದು ಬ್ರ್ಯಾಕೆಟ್‌ನ ಪದ್ಧತಿಯಲ್ಲಿ ಅದನ್ನ ಗೇಮ್ ಚೇಂಜರ್ ಅಂತಾನೇ ಪಟ್ಟಿ ಮಾಡಿದ್ದಾರೆ. ಎರಡನೇ ಬ್ರ್ಯಾಕೆಟ್‌ವರೆಗೂ ಇಂಥದ್ದು ಒಂದೂ ಇರೋ ಹಾಗಿಲ್ಲ, ಮೂರನೇದ್ರಲ್ಲಿ ಮೂರರ ತನಕ. ಹಾಯಾಗಿ ಎರಡನೇ ಬ್ರ್ಯಾಕೆಟ್‌ನಲ್ಲಿದ್ದ ಡೆಕ್ಕಿಗೆ ಒಂದು ಕಾರ್ಡ್ ಸೇರಿಸಿ ನಿಮಗಿಂತ ಗಟ್ಟಿ ಡೆಕ್‌ಗಳ ಎದುರು ಕೂತ್ಕೊಳ್ಳೋದು, ಅದೂ ಆರು ಗೇಮಿಗೊಮ್ಮೆ ಕಾಣೋ ಕಾರ್ಡಿಗೋಸ್ಕರ.

ಇನ್ನು ದುಡ್ಡಿನ ವಿಷ್ಯ. ಸೆಪ್ಟೆಂಬರ್ 2024ರಲ್ಲಿ ಮನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್, ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್ ಮೂರನ್ನೂ ಒಂದೇ ದಿನ ಕಮಾಂಡರ್‌ನಿಂದ ಬ್ಯಾನ್ ಮಾಡಿದ್ರು. ಇವೆಲ್ಲ ವೇಗವಾಗಿ ಮನಾ ಕೊಡ್ತಿದ್ದ ದುಬಾರಿ ಕಾರ್ಡ್‌ಗಳು, ಜನ ಎಷ್ಟೋ ಕಾಲ ಕೂಡಿಟ್ಟು ತಗೊಂಡಿದ್ರು. ಲೋಟಸ್‌ಗಂತೂ ಕಮಾಂಡರ್ ಬಿಟ್ರೆ ಬೇರೆಲ್ಲೂ ಕೆಲ್ಸಾನೇ ಇಲ್ಲ, ಅದು ಕೊಡೋ ಮನಾ ಕಮಾಂಡರ್ ಇಳಿಸೋಕೆ ಮಾತ್ರ ಬರೋದು. ಅವತ್ತು ಎಷ್ಟೋ ಜನರಿಗೆ ಎಷ್ಟು ಸಂಕಟ ಆಗಿರುತ್ತೆ ಅಂತ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ನನ್ನ ಗಾಬ್ಲಿನ್ ಡೆಕ್ಕಿಂದ ಒಂದು ಕಾರ್ಡೂ ಹೊರಗೆ ಹೋಗ್ಲಿಲ್ಲ.

ಎಲ್ಲಕ್ಕಿಂತ ನನಗೆ ನೋವಾಗೋದು ಬೇರೆ ವಿಷ್ಯಕ್ಕೆ. ಅಪ್‌ಗ್ರೇಡ್ ಮಾಡ್ತಾ ಹೋದ ಹಾಗೆ ಎಲ್ಲರ ಡೆಕ್ಕೂ ಒಂದೇ ಥರ ಆಗ್ತಾ ಬರುತ್ತೆ, ಅದೇ ನೀಲಿ ಕಾರ್ಡ್, ಅದೇ ಬಿಳಿ ಕಾರ್ಡ್. ಒಂದು ಕಾರ್ಡ್ ಒಳಗೆ ಬರ್ಬೇಕಾದ್ರೆ ಒಂದು ಹೊರಗೆ ಹೋಗ್ಬೇಕಲ್ಲ, ಹೊರಗೆ ಹೋಗೋದು ಯಾವಾಗ್ಲೂ ಆ ಡೆಕ್ಕಿಗೆ ಮಾತ್ರ ಸೇರಿದ ವಿಚಿತ್ರ ಕಾರ್ಡ್. ನನ್ನ ಗೆಳೆಯನೊಬ್ಬನ ಹತ್ರ ಅಣಬೆ ಜೀವಿಗಳ ಡೆಕ್ ಇತ್ತು, ನಿಧಾನ, ಆದ್ರೆ ಅಂಥ ಡೆಕ್ ನಮ್ಮ ಗುಂಪಲ್ಲಿ ಇನ್ನೊಂದಿರ್ಲಿಲ್ಲ. ವರ್ಷ ಪೂರ್ತಿ ಅಪ್‌ಗ್ರೇಡ್ ಮಾಡಿದ. ಈಗ ಅದರಲ್ಲಿ ಅಣಬೆ ನಾಲ್ಕೇ ನಾಲ್ಕು ಉಳಿದಿದೆ, ಗೆಲ್ಲೋದೇನೋ ಜಾಸ್ತಿ ಆಗಿದೆ. ಹೋದ ವಾರ ಆಟ ಮುಗಿದ್ಮೇಲೆ ಹಳೇ ಕಾರ್ಡೆಲ್ಲ ಎಲ್ಲಿ ಅಂತ ಕೇಳ್ದೆ. ಡಬ್ಬಿಯಲ್ಲಿದೆ, ಮತ್ತೆ ಕಟ್ಬೇಕು ಅಂದ.