ಎಲ್ಲಿಂದ ಬಂತು ಅಂತ ಅವ್ವ ಕೇಳಿದ್ದು

ಅವ್ವನಿಗೆ ಮತ್ತೆ ಉರಿಮೂತ್ರ, ಚಳಿಜ್ವರ. ಐದು ದಿನ ಗುಳಿಗೆ ನುಂಗಿದರೂ ಕಡಿಮೆ ಆಗಲಿಲ್ಲ. ಕೊನೆಗೆ ಬಾಗಲಕೋಟೆಯಲ್ಲಿ ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದೆವು. ಮೂರನೇ ದಿನ ರಿಪೋರ್ಟ್ ಬಂತು. ಮೇಲೆ ಇ. ಕೋಲೈ ಅಂತ ಬ್ಯಾಕ್ಟೀರಿಯಾದ ಹೆಸರು ಇತ್ತು. ಕೆಳಗೆ ಔಷಧಗಳ ಉದ್ದ ಪಟ್ಟಿ, ಒಂದೊಂದರ ಮುಂದೆ ಒಂದೊಂದು ಅಕ್ಷರ. ಎಸ್ ಅಂದರೆ ಔಷಧ ಹತ್ತುತ್ತದೆ, ಆರ್ ಅಂದರೆ ಹತ್ತುವುದಿಲ್ಲ. ಬೆರಳಿಟ್ಟು ಎಣಿಸಿದೆ. ಹದಿನಾರರಲ್ಲಿ ಹನ್ನೊಂದು ಆರ್.

"ಇಷ್ಟೆಲ್ಲಾ ಗುಳಗಿ ನಾ ಯಾವಾಗ ತಿಂದೇನಿ ತಮ್ಮಾ? ಎಲ್ಲಿಂದ ಬಂತಿದು?" ಅಂದಳು ಅವ್ವ.

ಇಂಜೆಕ್ಷನ್‌ನಿಂದ ಅವ್ವ ಹುಷಾರಾದಳು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಯಾವ ಔಷಧ ಹತ್ತುತ್ತದೆ ಅಂತ ಕಲ್ಚರ್ ಹೇಳುತ್ತದೆ. ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಅಂತ ಹುಡುಕಲು ಅದರ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಅಕ್ಷರ ಅಕ್ಷರವಾಗಿ ಓದಬೇಕು. ಕೊರೊನಾ ಕಾಲದಲ್ಲಿ ಡೆಲ್ಟಾ, ಓಮಿಕ್ರಾನ್ ಅಂತ ಗುರುತು ಹಿಡಿದದ್ದು ಹೀಗೆಯೇ ಅಲ್ವಾ? ಇ. ಕೋಲೈ ಜೀನೋಮ್ ಸುಮಾರು 50 ಲಕ್ಷ ಅಕ್ಷರಗಳದ್ದು. ಇಬ್ಬರು ರೋಗಿಗಳ ಬ್ಯಾಕ್ಟೀರಿಯಾಗಳಲ್ಲಿ ಬೆರಳೆಣಿಕೆಯಷ್ಟು ಅಕ್ಷರ ಮಾತ್ರ ಬೇರೆ ಇದ್ದರೆ, ಎರಡಕ್ಕೂ ಹತ್ತಿರದ ನಂಟಿದೆ ಅಂತ ಅರ್ಥ. ಔಷಧಕ್ಕೆ ಜಗ್ಗದ ಗುಣ ಯಾವ ಜೀನ್‌ನಿಂದ ಬಂತು ಅನ್ನೋದೂ ಕಾಣುತ್ತದೆ. ಆ ಜೀನ್ ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಬಳೆಯ ಮೇಲೆ ಕೂತಿದ್ದರೆ ಅಪಾಯ ಜಾಸ್ತಿ. ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದು ಜಾತಿಗೂ ಆ ಬಳೆ ದಾಟಿಸುತ್ತದೆ. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಟೈಫಾಯ್ಡ್ ಹಬ್ಬಿದಾಗ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಕೂಡ ಕೆಲಸ ಮಾಡಲಿಲ್ಲ. ಜೀನೋಮ್ ಓದಿದಾಗ ಕಂಡಿದ್ದು ಇಂಥದ್ದೇ ಬಳೆ. ಇ. ಕೋಲೈನಲ್ಲಿ ಮೊದಲೇ ಕಂಡಿದ್ದ ಬಳೆ ಅದು.

ಈಗ ನಮ್ಮ ಕಡೆ ಬರೋಣ. ಕಾಕಾನ ದಾಳಿಂಬೆ ತೋಟಕ್ಕೆ ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾದಿಂದ ಬರುವ ಬೆಳೆ ರೋಗ) ಬಿದ್ದ ವರ್ಷ ನಾನೂ ಎಣ್ಣೆ ಹೊಡೆಯಲು ಹೋಗಿದ್ದೆ. ಕಾಕಾ ಪುಟ್ಟ ಪಾಕೀಟು ಹರಿದು ಬಕೆಟ್‌ಗೆ ಸುರಿದು, ಕೋಲಿನಿಂದ ತಿರುವಿ ಪಂಪಿಗೆ ತುಂಬಿದ. ಅದು ಸ್ಟ್ರೆಪ್ಟೋಸೈಕ್ಲಿನ್. ಅದರಲ್ಲಿ ಇರೋದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್. 1943ರಲ್ಲಿ ಕಂಡುಹಿಡಿದ, ಟಿಬಿಗೆ ನಾಟಿದ ಮೊದಲ ಔಷಧವೇ ಈ ಸ್ಟ್ರೆಪ್ಟೋಮೈಸಿನ್. ಕಾಕಾನನ್ನು ನಾನು ದೂರುವುದಿಲ್ಲ. ಹಣ್ಣಿನ ಮೇಲೆ ಕಪ್ಪು ಚುಕ್ಕೆ ಎದ್ದು ಸಿಪ್ಪೆ ಸೀಳಿದರೆ ಇಡೀ ಫಸಲು ಹೋಗುತ್ತದೆ, ಮೇಲೆ ಸಾಲ ಬೇರೆ. ಹೀಗೆ ಹೊಡೆದ ಔಷಧಕ್ಕೆ ತೋಟದ ಬ್ಯಾಕ್ಟೀರಿಯಾ ಜಗ್ಗದಂತಾಗಬಹುದು. ಆದರೆ ಆ ತೋಟದಿಂದಲೇ ಅವ್ವನಿಗೆ ಬಂತು ಅಂತ ನಾನು ಹೇಳ್ತಿಲ್ಲ. ನೋಡದೆ ಹೇಳೋದು ತಪ್ಪು. ನೋಡಬೇಕು ಅನ್ನೋದೇ ನನ್ನ ಮಾತು. ತೋಟದ ಮಣ್ಣು, ಕೋಳಿ ಫಾರ್ಮ್, ಆಸ್ಪತ್ರೆಯ ಚರಂಡಿ, ರೋಗಿಯ ಮೂತ್ರ, ಎಲ್ಲದರ ಬ್ಯಾಕ್ಟೀರಿಯಾವನ್ನೂ ಒಟ್ಟಿಗೆ ಇಟ್ಟು ಓದಬೇಕು.

2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನೋದು ತಜ್ಞರ ಅಂದಾಜು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2013ರಿಂದ ಇಂಥ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಟ್ಟಿದೆ, ಒಳ್ಳೆಯ ಕೆಲಸ. ಆದರೆ ಅದರ ಲೆಕ್ಕ ಬರೋದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಿಂದ. ಅಲ್ಲಿಗೆ ಬರುವವರು ಎಷ್ಟೋ ಔಷಧ ನುಂಗಿ ಸೋತವರು. ಹುನಗುಂದ, ಜಮಖಂಡಿ, ಇಂಡಿ, ಗೋಕಾಕದ ಮನೆಗಳ ಚಿತ್ರ ಅದರಿಂದ ಸಿಗಲ್ಲ. ಬೆಳಗಾವಿಯಲ್ಲಿ ಐಸಿಎಂಆರ್‌ನದೇ ಸಂಸ್ಥೆ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ತಾಲೂಕಿಗೊಂದು ಜೀನೋಮ್ ಓದುವ ಸೀಕ್ವೆನ್ಸಿಂಗ್ ಮಷೀನ್ ಬೇಡ. ಹೆಚ್ಚು ಆರ್ ಬಂದ ಬ್ಯಾಕ್ಟೀರಿಯಾವನ್ನು ಫ್ರೀಜರ್‌ನಲ್ಲಿ ಕಾಪಾಡಿ, ತಿಂಗಳಿಗೊಮ್ಮೆ ಒಂದು ಕಡೆ ಕಳಿಸಿದರೆ ಸಾಕು.

ಅವ್ವನ ಬ್ಯಾಕ್ಟೀರಿಯಾ ಇನ್ನೂ ಇದೆಯಾ ಅಂತ ನಾನು ಲ್ಯಾಬಿಗೆ ಹೋಗಿ ಕೇಳಿದೆ. ಹುಡುಗಿ ಪಾಪ, ಒಳಗೆ ಹೋಗಿ ನೋಡಿಕೊಂಡು ಬಂದಳು. ಅದನ್ನು ಬೆಳೆಸಿದ್ದ ಪ್ಲೇಟ್ ಹೋದ ವಾರವೇ ಕಸಕ್ಕೆ ಹೋಗಿತ್ತು.